ಹೃದಯ ಚಿಕಿತ್ಸೆಯಲ್ಲಿರುವ ಹಸುಗೂಸು ಮತ್ತು ತಾಯಿತಂದೆಯರು

ಜನಿಸುವ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 8-9 ಮಕ್ಕಳಿಗೆ ಹೃದಯದ ರಚನೆಯಲ್ಲಿ ಯಾವುದಾದರೊಂದು ಲೋಪವಿರುತ್ತದೆ. ಇವುಗಳಲ್ಲಿ ಅನೇಕವು ಸಣ್ಣ ರಂಧ್ರಗಳು. ಕೆಲವು ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಇನ್ನು ಕೆಲವಕ್ಕೆ ತಿಂಗಳುಗಟ್ಟಲೆ ಕಾದು ಚಿಕಿತ್ಸೆ ಮಾಡಬಹುದು. ಆದರೆ ಹುಟ್ಟಿದ ಮೊದಲ ವಾರಗಳಲ್ಲಿಯೇ ಶಸ್ತ್ರಚಿಕಿತ್ಸೆಯನ್ನು ಬೇಡುವ ದೋಷಗಳೂ ಉಂಟು. ಅಂಥ ಶಿಶುವನ್ನು ಪಡೆದ ದಂಪತಿಗಳು ಬಾಣಂತನದ ದಿನಗಳನ್ನು ಆಸ್ಪತ್ರೆಯ ಹೃದಯ ವಿಭಾಗದ ಬಾಗಿಲಲ್ಲಿ ಕಳೆಯಬೇಕಾಗುತ್ತದೆ. ತವರು ದೂರವಾಗಿ, ನೆರೆಯವರ ಭಾಷೆ ಬೇರೆಯಾಗಿರುವ ಮಹಾನಗರದಲ್ಲಿ ಈ ಕಷ್ಟ ಇಮ್ಮಡಿಸುತ್ತದೆ.

ಉದಾಹರಣೆಗೆ, ಮಹಾಧಮನಿಗಳು ಅದಲುಬದಲಾಗಿರುವ ದೋಷವನ್ನು ನೋಡಬಹುದು. ಸಹಜವಾದ ಹೃದಯದಲ್ಲಿ ದೇಹಕ್ಕೆ ರಕ್ತವನ್ನು ಒಯ್ಯುವ ಮಹಾಪಧಮನಿ ಎಡ ಹೃತ್ಕುಕ್ಷಿಯಿಂದಲೂ, ಶ್ವಾಸಕೋಶಗಳಿಗೆ ಒಯ್ಯುವ ಧಮನಿ ಬಲ ಹೃತ್ಕುಕ್ಷಿಯಿಂದಲೂ ಹೊರಡುತ್ತವೆ. ಈ ಶಿಶುಗಳಲ್ಲಿ ಅವು ಸ್ಥಾನ ಬದಲಿಸಿಕೊಂಡಿರುತ್ತವೆ. ಹೀಗಾಗಿ ಅಶುದ್ಧ ರಕ್ತ ದೇಹದಲ್ಲಿಯೇ ಸುತ್ತುತ್ತದೆ, ಶುದ್ಧ ರಕ್ತ ಶ್ವಾಸಕೋಶಕ್ಕೇ ಮರಳುತ್ತದೆ. ಗರ್ಭದಲ್ಲಿದ್ದಾಗಿನ ಒಂದು ಕಿರುನಾಳ ತೆರೆದಿರುವವರೆಗೆ ಎರಡೂ ರಕ್ತ ಒಂದಿಷ್ಟು ಬೆರೆತು ಮಗು ಬದುಕಿರುತ್ತದೆ. ಆ ನಾಳವಾದರೋ ಹುಟ್ಟಿದ ಕೆಲವೇ ದಿನಗಳಲ್ಲಿ ಮುಚ್ಚತೊಡಗುತ್ತದೆ. ಅದನ್ನು ತೆರೆದಿಡಲು ಪ್ರೊಸ್ಟಾಗ್ಲಾಂಡಿನ್ ಎಂಬ ಔಷಧವನ್ನು ನರದ ಮೂಲಕ ಎಡೆಬಿಡದೆ ಹನಿಸುತ್ತಾರೆ. ಬೇಕಾದರೆ ಪುಟ್ಟ ಬೆಲೂನಿನಿಂದ ಹೃತ್ಕರ್ಣಗಳ ನಡುವಣ ಗೋಡೆಯಲ್ಲಿನ ರಂಧ್ರವನ್ನು ಹಿಗ್ಗಿಸುತ್ತಾರೆ. ಈ ವಿಧಾನವನ್ನು ಅಮೆರಿಕದ ರಾಷ್‌ಕಿಂಡ್ 1966ರಲ್ಲಿ ಪ್ರಕಟಿಸಿದರು. ಎರಡು ಧಮನಿಗಳನ್ನೂ ಕತ್ತರಿಸಿ ಸರಿಯಾದ ಸ್ಥಾನಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆಯಲ್ಲಿ ಮೊದಲ ಯಶಸ್ಸನ್ನು ಕಂಡವರು ಬ್ರೆಜಿಲ್ ದೇಶದ ಅದಿಬ್ ಜಟೇನೆ, 1975ರಲ್ಲಿ. ಹೃದಯಕ್ಕೇ ರಕ್ತವುಣಿಸುವ ನೂಲಿನಂಥ ನಾಳಗಳನ್ನೂ ಕಿತ್ತು ಹೊಸ ಸ್ಥಳದಲ್ಲಿ ನಾಟಬೇಕಾದ ಈ ಕೆಲಸವನ್ನು ಇಂದು ಭಾರತದ ದೊಡ್ಡ ನಗರಗಳಲ್ಲಿ, ಮಗು ಹುಟ್ಟಿದ ಎರಡು ಮೂರು ವಾರಗಳೊಳಗೇ ಮಾಡುತ್ತಾರೆ.

ಶಸ್ತ್ರಕ್ರಿಯೆಯಾದ ಮೇಲೆ ಮಗುವನ್ನು ಮೊದಲ ಬಾರಿ ನೋಡುವ ಗಳಿಗೆ ಕಠಿಣವಾದುದು. ಹೃದಯದ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದರಿಂದ ಮಗುವಿನ ಮೈ ಬಾತು, ಮುಖ ಗುರುತು ಸಿಗದಂತಾಗಿರಬಹುದು. ಬಾಯಲ್ಲಿ ಉಸಿರಾಟದ ನಳಿಕೆ, ಎದೆಯಿಂದ ದ್ರವವನ್ನು ಹೊರಗೆಳೆಯುವ ಕೊಳವೆಗಳು, ಹೃದಯದ ಬಡಿತವನ್ನು ಕಾಯುವ ಸಣ್ಣ ತಂತಿಗಳು ಇರುತ್ತವೆ. ಕೆಲವೊಮ್ಮೆ ಊತ ಇಳಿಯುವವರೆಗೆ ಎದೆಯ ಮೂಳೆಯನ್ನು ಕೂಡಿಸದೆ, ಮೇಲೆ ಪೊರೆಯೊಂದನ್ನು ಹೊದಿಸಿ, ಕೆಲವು ದಿನಗಳ ಬಳಿಕ ಮುಚ್ಚುತ್ತಾರೆ. ಇದನ್ನು ಮೊದಲೇ ಕೇಳಿ ತಿಳಿದಿದ್ದ ತಾಯಿ ಒಳಗೆ ಹೋದಾಗ ಕುಸಿಯುವುದು ಕಡಿಮೆ. ಪರದೆಯ ಮೇಲಿನ ಅಂಕಿಗಳು ಮಾತ್ರ ವಿಚಿತ್ರವಾದ ಸೆಳೆತವುಳ್ಳವು. ತಂದೆಯಾದವನು ಮಗುವನ್ನು ಮರೆತು ಅವನ್ನೇ ದಿಟ್ಟಿಸುತ್ತ ನಿಲ್ಲುವುದನ್ನು ದಾದಿಯರು ನಿತ್ಯವೂ ಕಾಣುತ್ತಾರೆ. ಹಸುಗೂಸಿನ ಹೃದಯ ನಿಮಿಷಕ್ಕೆ 120ರಿಂದ 160 ಬಾರಿ ಬಡಿಯುವುದು ಸಹಜ. ಆಮ್ಲಜನಕದ ಪ್ರಮಾಣ ಎಲ್ಲ ಮಕ್ಕಳಲ್ಲಿ ಒಂದೇ ಅಲ್ಲ: ಧಮನಿಗಳನ್ನು ಸರಿಪಡಿಸಿದ ಮಗುವಿನಲ್ಲಿ ಅದು ನೂರರ ಸಮೀಪವಿರಬೇಕು, ಕೃತಕ ನಾಳ ಜೋಡಿಸಿಕೊಂಡು ಮುಂದಿನ ಶಸ್ತ್ರಕ್ರಿಯೆಗೆ ಕಾಯುತ್ತಿರುವ ಕೆಲವು ಮಕ್ಕಳಲ್ಲಿ 75-85 ಇದ್ದರೂ ವೈದ್ಯರಿಗೆ ಸಮಾಧಾನವೇ. ಆದುದರಿಂದ ಪಕ್ಕದ ಹಾಸಿಗೆಯ ಅಂಕಿಯೊಂದಿಗೆ ಹೋಲಿಸಿ ನೋಡುವುದು ವ್ಯರ್ಥ.

ಇಷ್ಟೆಲ್ಲ ಯಂತ್ರಗಳ ನಡುವೆ ತಾಯಿತಂದೆಯರಿಗೆ ಮಾಡಲು ಏನಿದೆ ಎಂಬ ಪ್ರಶ್ನೆ ಏಳುತ್ತದೆ. ಇರುವುದು ಸಾಕಷ್ಟಿದೆ. ಮಗು ಗರ್ಭದಲ್ಲಿಯೇ ತಾಯಿಯ ದನಿಯನ್ನು ಗುರುತಿಸಲು ಕಲಿತಿರುತ್ತದೆ. ಸುತ್ತಲೂ ಮರಾಠಿ, ತಮಿಳು, ಮಲಯಾಳದ ಮಾತು ಕೇಳಿಸುವ ಆ ಕೋಣೆಯಲ್ಲಿ ತಾಯಿ ಮೆಲ್ಲನೆ ಹೇಳುವ ಕನ್ನಡದ ಜೋಗುಳವೇ ಅದಕ್ಕೆ ಪರಿಚಿತವಾದ ಧ್ವನಿ. ಕೈಬಳೆ, ಉಂಗುರ, ದಾರಗಳನ್ನು ತೆಗೆದು ಮೊಣಕೈವರೆಗೆ ಸೋಪಿನಿಂದ ತೊಳೆದುಕೊಂಡು, ದಾದಿಯ ಒಪ್ಪಿಗೆ ಪಡೆದು ಮಗುವನ್ನು ಮುಟ್ಟಬಹುದು. ಬೆರಳಿನಿಂದ ಸವರುವುದು ಬಳಲಿದ ಶಿಶುವನ್ನು ಕೆರಳಿಸುತ್ತದೆ. ಒಂದು ಕೈಯನ್ನು ತಲೆಯ ಮೇಲೆ, ಇನ್ನೊಂದನ್ನು ಪಾದಗಳ ಮೇಲೆ ಅಲುಗಿಸದೆ ಇಟ್ಟರೆ ಅದು ಶಾಂತವಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಎದೆಹಾಲು. ಮಗು ಕುಡಿಯದಿದ್ದರೂ ತಾಯಿ ಹೆರಿಗೆಯಾದ ಕೆಲವು ಗಂಟೆಗಳೊಳಗೆ ಹಾಲು ಹಿಂಡಲು ಆರಂಭಿಸಿ, ರಾತ್ರಿಯೂ ಸೇರಿದಂತೆ ದಿನಕ್ಕೆ ಎಂಟು ಬಾರಿಯಾದರೂ ಹಿಂಡುತ್ತಿರಬೇಕು. ಇಲ್ಲವಾದರೆ ಮಗು ಕುಡಿಯಲು ಸಿದ್ಧವಾಗುವ ಹೊತ್ತಿಗೆ ಹಾಲು ಬತ್ತಿರುತ್ತದೆ. ಮೊದಲ ದಿನಗಳ ಹಳದಿ ಗಿಣ್ಣುಹಾಲನ್ನು ಚೆಲ್ಲಬಾರದು. ಹಿಂಡಿದ ಹಾಲು ರೆಫ್ರಿಜರೇಟರಿನಲ್ಲಿ ನಾಲ್ಕು ದಿನಗಳವರೆಗೆ ಕೆಡದು. ಮನೆಯಿಂದ ಒಯ್ಯುವಾಗ ಮಂಜುಗಡ್ಡೆಯ ಚೀಲ ಬೇಕು. ಮೂಗಿನ ನಳಿಕೆಯ ಮೂಲಕ ಮೊದಲಿಗೆ ಕೊಡುವುದು ಕೆಲವೇ ಮಿಲಿಲೀಟರ್. ಅದನ್ನು ಕಂಡು ಮಗುವನ್ನು ಉಪವಾಸ ಕೆಡವಿದ್ದಾರೆಂದು ಅಜ್ಜಿಯರು ಮರುಗುತ್ತಾರೆ. ಕರುಳಿಗೂ ಚೇತರಿಸಿಕೊಳ್ಳಲು ಕಾಲ ಬೇಕು. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ಬಾಣಂತಿಗೆ ಹೊತ್ತಿಗೆ ಸರಿಯಾಗಿ ಬಿಸಿ ಊಟ ತಂದುಕೊಡುವ ಬಂಧುವೇ ಈ ಕಾಲದಲ್ಲಿ ನಿಜವಾದ ನೆಂಟ. ರಕ್ತ ಬೇಕಾದಾಗ ಬರುವ ಸಂಘದ ಗೆಳೆಯರೂ ಅಷ್ಟೇ. ಖರ್ಚಿನ ವಿಷಯದಲ್ಲಿ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲ ದಿನವೇ ಕಾಣುವುದು ಲೇಸು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಬಂದ ಹೃದ್ರೋಗವೂ ಸೇರಿದೆ.

ನೋಡಲು ಬಂದವರ ಮಾತು ಮಾತ್ರ ಕೆಲವೊಮ್ಮೆ ಶಸ್ತ್ರಕ್ಕಿಂತ ಹರಿತ. ಗ್ರಹಣದ ದಿನ ಹೊರಗೆ ಬಂದಳು, ಪರಂಗಿ ತಿಂದಳು, ಎಂಟು ತಿಂಗಳವರೆಗೆ ಕೆಲಸಕ್ಕೆ ಹೋದಳು ಎಂದು ತಾಯಿಯ ಮೇಲೆ ಹೊರಿಸುವವರುಂಟು. ಗರ್ಭದ ಮೊದಲ ಎರಡು ತಿಂಗಳಲ್ಲಿಯೇ ಹೃದಯದ ನಾಲ್ಕು ಕೋಣೆಗಳು ರೂಪುಗೊಳ್ಳುತ್ತವೆ. ಎಷ್ಟೋ ವೇಳೆ ತಾನು ಗರ್ಭಿಣಿಯೆಂದು ಆಕೆಗೆ ತಿಳಿಯುವ ಮೊದಲೇ ಆ ಕೆಲಸ ಆರಂಭವಾಗಿಬಿಟ್ಟಿರುತ್ತದೆ. ಹತೋಟಿಯಲ್ಲಿಲ್ಲದ ಮಧುಮೇಹ, ರುಬೆಲ್ಲಾ ಸೋಂಕು, ಕೆಲವು ಔಷಧಗಳು ಅಪಾಯವನ್ನು ಹೆಚ್ಚಿಸುವುದು ನಿಜ. ಬಹುಪಾಲು ಮಕ್ಕಳಲ್ಲಿ ಇದೇ ಕಾರಣವೆಂದು ಬೊಟ್ಟುಮಾಡಿ ತೋರಿಸಲಾಗದು. ಇದನ್ನು ವೈದ್ಯರ ಬಾಯಿಂದ ಅತ್ತೆಮಾವಂದಿರ ಎದುರಿನಲ್ಲೇ ಹೇಳಿಸುವುದು ಗಂಡನಾದವನ ಕರ್ತವ್ಯ. ತಾಯಿಗೆ ನಿದ್ರೆ ಹತ್ತದಿದ್ದರೆ, ಮಗುವಿನ ಬಳಿ ಹೋಗಲು ಮನಸ್ಸೇ ಒಪ್ಪದಿದ್ದರೆ ಅದನ್ನು ಹಟವೆಂದು ತಿಳಿಯದೆ ವೈದ್ಯರಿಗೆ ಹೇಳಬೇಕು.

ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನದ ನಾಮಕರಣಕ್ಕಾಗಿ ಮಗುವನ್ನು ಕದಲಿಸಲಾಗದು. ಆಸ್ಪತ್ರೆಯ ಪಟ್ಟಿಯಲ್ಲಿ ಅದು ಇನ್ನೂ ತಾಯಿಯ ಹೆಸರಿನ ಕೂಸು. ತಂದೆ ಹಾಸಿಗೆಯ ಬಳಿ ಬಾಗಿ ಹೆಸರನ್ನು ಕಿವಿಯಲ್ಲಿ ಹೇಳಿದರೆ ಯಾವ ಶಾಸ್ತ್ರವೂ ಅಡ್ಡಬಾರದು. ದಾದಿಯರೂ ಅಂದಿನಿಂದ ಅದೇ ಹೆಸರಿನಿಂದ ಕರೆಯುತ್ತಾರೆ.

ಮನೆಗೆ ಬಂದ ಮೇಲೆ ಹೆಚ್ಚಿನ ಎಚ್ಚರ ಬೇಕಾದುದು ಸ್ನಾನದ ವಿಷಯದಲ್ಲಿ. ಕತ್ತರಿಸಿದ ಎದೆಯ ಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ನೀಡಿದ ಕಾಲುಗಳ ಮೇಲೆ ಮಗುವನ್ನು ಬೋರಲು ಹಾಕಿ ಎಣ್ಣೆ ನೀವಿ ನೀರು ಹುಯ್ಯುವ ನಮ್ಮ ಪದ್ಧತಿಯನ್ನು ಬದಿಗಿಡಬೇಕು. ಆಗ ಭಾರವೆಲ್ಲ ಎದೆಯ ಮೇಲೆ ಬೀಳುತ್ತದೆ. ಕಂಕುಳಲ್ಲಿ ಕೈಹಾಕಿ ಎತ್ತಬಾರದು. ತಲೆ ಮತ್ತು ಪೃಷ್ಠದ ಕೆಳಗೆ ಎರಡೂ ಕೈ ಕೊಟ್ಟು ಎತ್ತಬೇಕು. ಗಾಯದ ಮೇಲೆ ಅರಿಶಿನ, ಎಣ್ಣೆ ಸಲ್ಲದು. ಸಾಂಬ್ರಾಣಿಯ ಹೊಗೆ, ನಾಲಿಗೆಗೆ ಜೇನುತುಪ್ಪ, ಮನೆಮದ್ದಿನ ಬಜೆ ಇವು ಯಾವುವೂ ಬೇಡ. ಮದ್ದನ್ನು ಚಮಚದ ಅಂದಾಜಿನಲ್ಲಿ ಹಾಕದೆ ಸಿರಿಂಜಿನಲ್ಲಿ ಅಳೆದು ಕೊಡಬೇಕು; ಮಗು ವಾಂತಿ ಮಾಡಿದರೆ ಕೇಳದೆ ಮತ್ತೊಮ್ಮೆ ಕೊಡಬಾರದು. ಲಸಿಕೆಗಳ ವೇಳೆಯನ್ನು ಹೃದಯ ವೈದ್ಯರೊಡನೆಯೇ ನಿಶ್ಚಯಿಸಬೇಕು.

ಹಾಲು ಕುಡಿಯುವಾಗ ಹಣೆ ಬೆವರುವುದು, ಅರ್ಧ ಗಂಟೆಯಾದರೂ ಮುಗಿಸದೆ ಬಳಲಿ ನಿದ್ದೆಹೋಗುವುದು, ತೂಕ ಏರದಿರುವುದು, ಒದ್ದೆಯಾಗುವ ಬಟ್ಟೆಗಳು ಕಡಿಮೆಯಾಗುವುದು, ಗಾಯ ಕೆಂಪಾಗಿ ಕೀವು ಒಸರುವುದು ಅಥವಾ ಜ್ವರ ಬರುವುದು ಕಂಡುಬಂದರೆ ಅದೇ ದಿನ ಆಸ್ಪತ್ರೆಗೆ ತಿಳಿಸಬೇಕು. ನಿದ್ರೆಯಲ್ಲಿಯೂ ಉಸಿರು ನಿಮಿಷಕ್ಕೆ 60ನ್ನು ಮೀರಿದರೆ, ತುಟಿ ನೀಲಿಗಟ್ಟಿದರೆ, ಎಬ್ಬಿಸಿದರೂ ಮಗು ಮಂಕಾಗಿದ್ದರೆ ದೂರವಾಣಿಗೂ ಕಾಯದೆ ಕೂಡಲೇ ಕರೆದೊಯ್ಯಬೇಕು. ಊರಿಗೆ ಹೋಗಿ ಬಂಧುಗಳಿಗೆ ಮಗುವನ್ನು ತೋರಿಸುವ ಪ್ರಯಾಣವನ್ನು ಮೊದಲ ತಪಾಸಣೆಗಳು ಮುಗಿದು ವೈದ್ಯರು ಒಪ್ಪಿದ ನಂತರ ಇಟ್ಟುಕೊಳ್ಳುವುದು ಒಳ್ಳೆಯದು. ಆಗಲೂ ಶಸ್ತ್ರಕ್ರಿಯೆಯ ವಿವರವುಳ್ಳ ಬಿಡುಗಡೆ ಪತ್ರ ಕೈಚೀಲದಲ್ಲಿರಬೇಕು, ಪೆಟ್ಟಿಗೆಯ ತಳದಲ್ಲಲ್ಲ.