ಒಳದೀಪದ ಫ್ಯೂಸ್ ಪದೇ ಪದೇ ಹೋಗುತ್ತಿದೆಯೇ? ಶಾರ್ಟ್ ಎಲ್ಲಿದೆ ಎಂದು ಹುಡುಕಿ

ಕಾರಿನ ಬಾಗಿಲು ತೆರೆದರೂ ಒಳಗಿನ ದೀಪ ಹೊತ್ತುತ್ತಿಲ್ಲ. ಹೊಸ ಫ್ಯೂಸ್ ಹಾಕಿದರೆ ಅದೂ ತಕ್ಷಣ ಹೋಗುತ್ತದೆ. ಹೀಗಾದರೆ ಹೆಚ್ಚಾಗಿ ಎಲ್ಲೋ ವೈರಿನ ಮೇಲ್ಪದರ ಸವೆದು ತಾಮ್ರ ಬಾಡಿಗೆ ತಾಗುತ್ತಿರುತ್ತದೆ. ಇಂಥ ಹೊತ್ತಿನಲ್ಲಿ 10 ಆಂಪಿಯರ್‌ನ ಕೆಂಪು ಫ್ಯೂಸ್ ಇದ್ದಲ್ಲಿ 20ರ ಹಳದಿ ಫ್ಯೂಸ್ ಸಿಕ್ಕಿಸುವವರಿದ್ದಾರೆ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫ್ಯೂಸ್ ಉಳಿದರೆ ಸುಡುವುದು ವೈರು.

ದೋಷ ಯಾವ ಬಗೆಯದು ಎಂದು ಮೊದಲು ಗುರುತಿಸಿ. ಬಹಳಷ್ಟು ಕಾರುಗಳಲ್ಲಿ ಒಳದೀಪಕ್ಕೆ ಬ್ಯಾಟರಿಯಿಂದ ಸದಾ ಕರೆಂಟ್ ಇರುತ್ತದೆ. ಬಾಗಿಲ ಸ್ವಿಚ್ ಅರ್ಥ್ ಕೊಡುತ್ತದೆ ಅಷ್ಟೆ. ಹಾಗಾಗಿ ದೀಪದಿಂದ ಸ್ವಿಚ್‌ಗೆ ಹೋಗುವ ವೈರು ಬಾಡಿಗೆ ತಾಗಿದರೆ ಫ್ಯೂಸ್ ಹೋಗುವುದಿಲ್ಲ, ಬಾಗಿಲು ಹಾಕಿದರೂ ದೀಪ ಆರುವುದಿಲ್ಲ. ಫ್ಯೂಸ್ ಹೋಗುತ್ತಿದ್ದರೆ ತೊಂದರೆ ಫ್ಯೂಸ್‌ನಿಂದ ದೀಪದವರೆಗಿನ ವೈರಿನಲ್ಲಿದೆ, ಇಲ್ಲವೇ ಅದೇ ಫ್ಯೂಸ್‌ನಿಂದ ಹೊರಟ ಬೇರೆ ಕವಲಿನಲ್ಲಿದೆ. ಇಷ್ಟು ತಿಳಿದರೆ ಅರ್ಧ ಕಾರು ಬಿಚ್ಚುವ ಕೆಲಸ ತಪ್ಪುತ್ತದೆ.

ಅದೇ ಫ್ಯೂಸ್‌ಗೆ ಇನ್ನೇನೇನು ಸೇರಿದೆ ಎಂದು ಮ್ಯಾನ್ಯುಯಲ್‌ನಲ್ಲಿ ನೋಡಿ. ಡಿಕ್ಕಿ ದೀಪ, ಗ್ಲೋವ್ ಬಾಕ್ಸ್ ದೀಪ, ಸ್ಟೀರಿಯೊ ಮೆಮೊರಿ ಸಾಮಾನ್ಯವಾಗಿ ಜೊತೆಗಿರುತ್ತವೆ.

ಇನ್ನು ಮುಖ್ಯ ಪರೀಕ್ಷೆ. ಇಂಡಿಕೇಟರ್‌ಗೆ ಹಾಕುವ 12 ವೋಲ್ಟ್, 21 ವ್ಯಾಟ್ ಬಲ್ಬನ್ನು ಹೋಲ್ಡರ್ ಸಮೇತ ತಂದು, ಅದರ ಎರಡು ವೈರುಗಳನ್ನು ಫ್ಯೂಸ್ ಕೂರುವ ಜಾಗದ ಎರಡು ಪಾಯಿಂಟ್‌ಗಳಿಗೆ ಕೊಡಿ. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ. ಹರಿಯುವ ಕರೆಂಟ್ 2 ಆಂಪಿಯರ್ ದಾಟದ ಕಾರಣ ವೈರು ಸುಡುವ ಭಯವಿಲ್ಲ, ಫ್ಯೂಸ್‌ಗಳೂ ದಂಡವಾಗುವುದಿಲ್ಲ. ಬಲ್ಬು ಉರಿಯುತ್ತಿರುವಾಗಲೇ ಒಂದೊಂದೇ ಕನೆಕ್ಟರ್ ಕಳಚುತ್ತಾ ಬನ್ನಿ. ಯಾವುದನ್ನು ಕಳಚಿದಾಗ ಬಲ್ಬು ಆರುತ್ತದೋ ದೋಷ ಆ ಕವಲಿನಲ್ಲಿದೆ.

ನಾನಾದರೆ ಮೊದಲು ನೋಡುವುದು ಡಿಕ್ಕಿ ಬಾಗಿಲಿನ ಹಿಂಜ್ ಪಕ್ಕದ ರಬ್ಬರ್ ಕೊಳವೆಯನ್ನು. ಪ್ರತಿ ಸಲ ತೆರೆದು ಮುಚ್ಚುವಾಗ ಒಳಗಿನ ವೈರು ಅಲ್ಲೇ ಮಡಚಿಕೊಳ್ಳುತ್ತದೆ. ಕೊಳವೆ ಹಿಂದಕ್ಕೆ ಸರಿಸಿದರೆ ಬಿರುಕು ಬಿಟ್ಟ ವೈರು ಎಷ್ಟೋ ಸಲ ಕಣ್ಣಿಗೇ ಕಾಣುತ್ತದೆ. ಎರಡನೆಯದು, ಹೊರಗಿನ ಅಂಗಡಿಯಲ್ಲಿ ಒಳದೀಪಕ್ಕೆ ಹಾಕಿಸಿದ ಎಲ್‌ಇಡಿ ಪ್ಯಾನೆಲ್. ಬಿಸಿಲಿಗೆ ಅದರ ಅಂಟು ಬಿಟ್ಟು, ಹಿಂಬದಿಯ ಬೆಸುಗೆ ಚುಕ್ಕೆಗಳು ರೂಫಿನ ತಗಡಿಗೆ ತಾಗುತ್ತವೆ. ಇಲಿ ಕಡಿದ ಗುರುತನ್ನೂ ನೋಡಿ.

ಮಲ್ಟಿಮೀಟರ್ ಬಳಸುವುದಾದರೆ ಬ್ಯಾಟರಿಯ ನೆಗೆಟಿವ್ ಕಳಚಿ, ಆ ಸಾಲಿನ ಬಲ್ಬುಗಳನ್ನೆಲ್ಲ ತೆಗೆದಿಡಿ. ತಣ್ಣಗಿರುವ ಫಿಲಮೆಂಟ್‌ನ ರೆಸಿಸ್ಟೆನ್ಸ್ ಬಹಳ ಕಡಿಮೆ. ಬಲ್ಬನ್ನೇ ಶಾರ್ಟ್ ಎಂದು ಮೀಟರ್ ತೋರಿಸಬಹುದು.

ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗ್‌ನದು. ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಕಂಬದ ಪ್ಲಾಸ್ಟಿಕ್ ಬಿಚ್ಚುವುದು ಮೆಕ್ಯಾನಿಕ್‌ನ ಕೆಲಸ. ಒಳದೀಪವನ್ನು ಕಂಪ್ಯೂಟರ್ ಮಾಡ್ಯೂಲ್ ನಿಯಂತ್ರಿಸುವ ಹೊಸ ಕಾರುಗಳನ್ನೂ ಸ್ಕ್ಯಾನರ್ ಇರುವವರಿಗೇ ಬಿಡಿ.

ದೋಷ ಸಿಕ್ಕಿದ ಮೇಲೆ ಬ್ಯಾಟರಿ ಕಳಚಿ, ಹಾಳಾದ ತುಂಡನ್ನು ಕತ್ತರಿಸಿ, ಅಷ್ಟೇ ದಪ್ಪದ ವೈರು ಬೆಸೆದು ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಬರೀ ಟೇಪ್ ಸುತ್ತಿದರೆ ಸೆಖೆಗೆ ಬಿಚ್ಚಿಕೊಳ್ಳುತ್ತದೆ. ಬ್ಯಾಟರಿ ಜೋಡಿಸಿ, ಮತ್ತೆ ಟೆಸ್ಟ್ ಬಲ್ಬು ಹಾಕಿ ಎಲ್ಲ ಬಾಗಿಲು, ಡಿಕ್ಕಿ ತೆರೆದು ಮುಚ್ಚಿ ನೋಡಿ. ಅದು ಎಲ್ಲೂ ಜೋರಾಗಿ ಉರಿಯದಿದ್ದರೆ ಮಾತ್ರ ಮ್ಯಾನ್ಯುಯಲ್ ಹೇಳಿದಷ್ಟೇ ಆಂಪಿಯರ್‌ನ ಫ್ಯೂಸ್ ಹಾಕಿ.