ಬಿಡಿಎಸ್ ಸೀಟಿಗೆ ನೀಟ್: ಹಕ್ಕಿದೆ, ಹಕ್ಕಿಗೆ ಗಡುವೂ ಇದೆ

ಎಂಬಿಬಿಎಸ್‌ಗೆ ನೀಟ್ ಬೇಕು, ಹಲ್ಲಿನ ಡಾಕ್ಟರಾಗಲು ಸಿಇಟಿ ಸಾಕು ಎಂದು ನಂಬಿರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅದು ಮುಗಿದ ಕಾಲದ ಮಾತು. 1948ರ ದಂತವೈದ್ಯರ ಕಾಯ್ದೆಗೆ 2016ರಲ್ಲಿ 10ಡಿ ಎಂಬ ಕಲಮು ಸೇರಿತು. ದೇಶದ ಯಾವ ಮೂಲೆಯ ಬಿಡಿಎಸ್ ಸೀಟಾದರೂ ಒಂದೇ ಪ್ರವೇಶ ಪರೀಕ್ಷೆ ಎಂದು ಅದು ಹೇಳಿತು. ಆ ಒಂದು ವರ್ಷ ರಾಜ್ಯದ ಸರ್ಕಾರಿ ಕೋಟಾಕ್ಕೆ ವಿನಾಯಿತಿ ಇತ್ತು, 2017ರಿಂದ ಅದೂ ಇಲ್ಲ. ಖಾಸಗಿ ಮತ್ತು ಅಲ್ಪಸಂಖ್ಯಾತ ಕಾಲೇಜುಗಳಿಗೂ ನೀಟ್ ಅನ್ವಯವೆಂದು ವೆಲ್ಲೂರಿನ ಸಿಎಂಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿದೆ. 2023ರಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯೂ ಇದೇ ದಾರಿ ಹಿಡಿದಿದೆ. ಹಾಗಾಗಿ ನೀಟ್ ಇಲ್ಲದೆ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ ಎಂದು ಯಾರಾದರೂ ಮನೆಗೆ ಬಂದರೆ, ಅವರು ಮಾರುತ್ತಿರುವುದು ಸೀಟಲ್ಲ, ಮೋಸ.

ಈ ಪರೀಕ್ಷೆ ಬರೆಯುವ ಮಕ್ಕಳಿಗೆ ಕಾನೂನು ಸಾಕಷ್ಟು ಹಕ್ಕು ಕೊಟ್ಟಿದೆ. ಆದರೆ ಆ ಒಂದೊಂದಕ್ಕೂ ಗಡುವಿದೆ. ಅರ್ಜಿ ತಿದ್ದಲು ಕೆಲವು ದಿನ, ಉತ್ತರಸೂಚಿ ಪ್ರಶ್ನಿಸಲು ಇನ್ನೂ ಕಡಿಮೆ ದಿನ, ಪರೀಕ್ಷಾ ಕೇಂದ್ರದಲ್ಲಿ ಆದ ಅನ್ಯಾಯ ಹೇಳಿಕೊಳ್ಳಲು ಹೆಚ್ಚೆಂದರೆ ಅಂದಿನ ಸಂಜೆ. ಗಡುವು ಮೀರಿ ಬಂದವರ ಮಾತಿನಲ್ಲಿ ನ್ಯಾಯವಿದ್ದರೂ ಕೈಗೆ ಸೀಟು ಸಿಗುವುದು ಬಹಳ ಕಷ್ಟ.

ಮೊದಲು ಅರ್ಜಿ. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಗರಿಷ್ಠ ವಯಸ್ಸಿನ ಮಿತಿಯಿಲ್ಲ, ಎಷ್ಟು ಸಲವಾದರೂ ಬರೆಯಬಹುದು. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ ಶೇ. 40 ಅಂಕ ಬೇಕು. ಇದಿಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಎಡವುವುದು ಹೆಸರಿನಲ್ಲಿ ಮತ್ತು ಜಾತಿ ಕಾಲಂನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕಾವ್ಯ ಎಂ’, ಆಧಾರ್‌ನಲ್ಲಿ ‘ಕಾವ್ಯಾ ಮಲ್ಲಪ್ಪ’, ನಾಡಕಚೇರಿಯ ಜಾತಿ ಪ್ರಮಾಣಪತ್ರದಲ್ಲಿ ಮೂರನೆಯ ಥರ: ಹಳ್ಳಿ ಕಡೆಯ ಕಡತಗಳಲ್ಲಿ ಇದು ದಿನನಿತ್ಯದ ಸಂಗತಿ. ನೀಟ್ ಅರ್ಜಿ ತುಂಬುವ ಮೊದಲೇ ಇವನ್ನು ಒಂದು ಮಾಡಿಸಿಕೊಳ್ಳಿ. ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭ.

ಜಾತಿ ಕಾಲಂ ಇನ್ನೂ ಸೂಕ್ಷ್ಮ. ನೀಟ್ ಅರ್ಜಿಯಲ್ಲಿ ಕೇಳುವ ಒಬಿಸಿ ಕೇಂದ್ರ ಸರ್ಕಾರದ ಪಟ್ಟಿಯದು. ನಮ್ಮ ಪ್ರವರ್ಗ-1, 2ಎ, 2ಬಿ, 3ಎ, 3ಬಿ ರಾಜ್ಯದವು, ಅವಕ್ಕೆ ಲೆಕ್ಕ ಬರುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ, ಅಂದರೆ ಕೆಇಎಯಲ್ಲಿ. ರಾಜ್ಯದ ಪಟ್ಟಿಯಲ್ಲಿರುವ ಜಾತಿಗಳೆಲ್ಲ ಕೇಂದ್ರದ ಪಟ್ಟಿಯಲ್ಲಿಲ್ಲ. ಎರಡಕ್ಕೂ ಬೇರೆ ಬೇರೆ ಪ್ರಮಾಣಪತ್ರ ಬೇಕು. ತಪ್ಪು ತುಂಬಿದ್ದು ಗೊತ್ತಾದರೆ ತಿದ್ದುಪಡಿಗೆ ಕೊಡುವ ದಿನಗಳಲ್ಲೇ ತಿದ್ದಿ, ಆ ಪುಟದ ಪ್ರತಿ ತೆಗೆದಿಟ್ಟುಕೊಳ್ಳಿ.

ತಯಾರಿಯ ವರ್ಷದಲ್ಲೂ ಕಾನೂನಿನ ಆಸರೆ ಇದೆ. ಪಿಯುಸಿ ಮುಗಿಸಿ ಲಾಂಗ್ ಟರ್ಮ್ ಕೋಚಿಂಗ್‌ಗೆ ಸೇರುವ ಮಕ್ಕಳಿಂದ ವರ್ಷದ ಶುಲ್ಕ ಒಂದೇ ಕಂತಿನಲ್ಲಿ ಕಟ್ಟಿಸಿಕೊಂಡು, ತಿಂಗಳೊಪ್ಪತ್ತಿನಲ್ಲಿ ಬಿಟ್ಟರೆ ನಯಾಪೈಸೆ ಹಿಂದಿರುಗಿಸದ ಸಂಸ್ಥೆಗಳಿವೆ. ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು 10 ದಿನಗಳೊಳಗೆ ಮರಳಿಸಬೇಕೆಂದು ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿ ಹೇಳುತ್ತದೆ. ರ‍್ಯಾಂಕ್ ಗ್ಯಾರಂಟಿ ಎಂಬಂಥ ಜಾಹೀರಾತಿಗೆ ಅದೇ ವರ್ಷ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕಡಿವಾಣ ಹಾಕಿದೆ. ಮೊದಲು 1915ಕ್ಕೆ ಕರೆ ಮಾಡಿ ದೂರು ಕೊಡಿ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕಟ್ಟಿದ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿಗೆ ಶುಲ್ಕವೇ ಇಲ್ಲ, ಎರಡು ವರ್ಷದ ಕಾಲಾವಕಾಶವೂ ಇದೆ. ಆದರೆ ರಸೀದಿ ಇರಬೇಕು. ಬಿಳಿ ಹಾಳೆಯ ಮೇಲೆ ಬರೆದುಕೊಟ್ಟ ಲೆಕ್ಕವನ್ನು ನಂಬಿ ಹಣ ಕಟ್ಟಬೇಡಿ.

ಕನ್ನಡದಲ್ಲಿ ಓದಿದ ಮಕ್ಕಳು ಕನ್ನಡದಲ್ಲೇ ನೀಟ್ ಬರೆಯಬಹುದು. ಪರೀಕ್ಷೆ ನಡೆಯುವ 13 ಭಾಷೆಗಳಲ್ಲಿ ಕನ್ನಡವೂ ಒಂದು. ಕನ್ನಡ ಆಯ್ದುಕೊಂಡವರಿಗೆ ಕರ್ನಾಟಕದ ಕೇಂದ್ರಗಳಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪ್ರಶ್ನೆಪತ್ರಿಕೆ ಸಿಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕು: ಅನುವಾದದಲ್ಲಿ ಗೊಂದಲ ಕಂಡರೆ ಇಂಗ್ಲಿಷ್ ಪಠ್ಯವೇ ಅಂತಿಮ ಎಂದು ಮಾಹಿತಿ ಪುಸ್ತಿಕೆಯಲ್ಲಿ ಅಚ್ಚು ಹಾಕಿರುತ್ತಾರೆ. 2018ರಲ್ಲಿ ತಮಿಳು ಪ್ರಶ್ನೆಪತ್ರಿಕೆಯ 49 ಪ್ರಶ್ನೆಗಳಲ್ಲಿ ತಪ್ಪುಗಳಿವೆಯೆಂದು ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ತಮಿಳಿನಲ್ಲಿ ಬರೆದವರಿಗೆ 196 ಅಂಕ ಕೊಡಿ ಎಂದು ಆದೇಶಿಸಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ತಾಯ್ನುಡಿಯಲ್ಲಿ ಬರೆಯುವ ಹಕ್ಕನ್ನು ಕೊಟ್ಟ ಮೇಲೆ ಅನುವಾದದ ಹೊಣೆಯನ್ನು ಮಕ್ಕಳ ತಲೆಗೆ ಕಟ್ಟುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಪರೀಕ್ಷೆಗೆ ಕೂತ ಮಗುವಿಗೆ ನನ್ನ ಅಭಿಪ್ರಾಯ ನೆರವಾಗದು. ಕನ್ನಡದಲ್ಲಿ ಓದಿದಾಗ ಪ್ರಶ್ನೆ ಎಡವಟ್ಟಾಗಿ ಕಂಡರೆ ಪಕ್ಕದ ಇಂಗ್ಲಿಷ್ ಸಾಲಿನ ಮೇಲೆ ಕಣ್ಣಾಡಿಸುವ ಅಭ್ಯಾಸವನ್ನು ಮಾದರಿ ಪರೀಕ್ಷೆಗಳಲ್ಲೇ ಮಾಡಿಕೊಳ್ಳಲಿ.

ಪರೀಕ್ಷೆಯ ದಿನ ಬಾಗಿಲಲ್ಲೇ ತಪಾಸಣೆ. ಉಡುಪಿಗೆ ಕಟ್ಟುನಿಟ್ಟಿನ ನಿಯಮಗಳಿವೆ: ಶೂ ಬೇಡ, ಚಪ್ಪಲಿ ಸಾಕು, ಉದ್ದ ತೋಳಿನ ಅಂಗಿ ಬೇಡ. ನಿಯಮ ಪಾಲಿಸುವುದು ನಮ್ಮ ಕೆಲಸ, ಮರ್ಯಾದೆಯಿಂದ ತಪಾಸಣೆ ಮಾಡುವುದು ಅವರ ಕರ್ತವ್ಯ. ಹೆಣ್ಣುಮಕ್ಕಳನ್ನು ಮಹಿಳಾ ಸಿಬ್ಬಂದಿಯೇ, ಮರೆಯಾದ ಜಾಗದಲ್ಲೇ ತಪಾಸಣೆ ಮಾಡಬೇಕು. 2022ರಲ್ಲಿ ಕೇರಳದ ಕೊಲ್ಲಂ ಜಿಲ್ಲೆಯ ಆಯೂರಿನಲ್ಲಿ ಒಳಉಡುಪು ತೆಗೆಸಿದರೆಂದು ಹುಡುಗಿಯರು ದೂರು ಕೊಟ್ಟಾಗ ಪೊಲೀಸರು ಸಂಬಂಧಪಟ್ಟವರನ್ನು ಬಂಧಿಸಿದರು, ಆ ಮಕ್ಕಳಿಗೆ ಸೆಪ್ಟೆಂಬರ್ 4ರಂದು ಮತ್ತೆ ಪರೀಕ್ಷೆ ಬರೆಯುವ ಅವಕಾಶವೂ ಸಿಕ್ಕಿತು. 2025ರ ಮೇ 4ರಂದು ಕಲಬುರಗಿಯ ಕೇಂದ್ರವೊಂದರಲ್ಲಿ ಜನಿವಾರ ತೆಗೆಸಿದ್ದಕ್ಕೆ ದೂರು, ಪ್ರತಿಭಟನೆ ಎದ್ದವು. ಧಾರ್ಮಿಕ ಉಡುಪು ಅಥವಾ ಚಿಹ್ನೆ ಧರಿಸುವವರು ತಪಾಸಣೆಗೆ ಬೇಗ ಬರಬೇಕು ಎಂದಷ್ಟೇ ನಿಯಮ ಹೇಳುತ್ತದೆ. ಹಿಜಾಬ್ ಧರಿಸಿದ ಹುಡುಗಿಗಾಗಲಿ, ಜನಿವಾರ ಹಾಕಿದ ಹುಡುಗನಿಗಾಗಲಿ ಇದು ಒಂದೇ.

ಒಳಗೆ ಕೂತ ಮೇಲೆ ಪ್ರಶ್ನೆಪತ್ರಿಕೆಯ ಕೋಡ್ ಮತ್ತು ಒಎಂಆರ್ ಹಾಳೆಯ ಕೋಡ್ ಒಂದೇ ಇದೆಯೇ, ಪುಟಗಳೆಲ್ಲ ಸರಿಯಿವೆಯೇ ಎಂದು ಮೊದಲು ನೋಡಿ. ವ್ಯತ್ಯಾಸವಿದ್ದರೆ ಎರಡನ್ನೂ ಬದಲಾಯಿಸಿಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. 2025ರ ಮಾದರಿಯಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ, 720 ಅಂಕ. ಸರಿ ಉತ್ತರಕ್ಕೆ 4, ತಪ್ಪಿದರೆ 1 ಕಳೆಯುತ್ತಾರೆ. ಈ ಲೆಕ್ಕದಲ್ಲಿ 20 ನಿಮಿಷ ಹೋದರೆ ಏನಾಗುತ್ತದೆಂದು ಬರೆದವರಿಗೇ ಗೊತ್ತು. 2024ರಲ್ಲಿ ಹೀಗೆ ಸಮಯ ಕಳೆದುಕೊಂಡ 1,563 ಮಂದಿಗೆ ಮೊದಲು ಕೃಪಾಂಕ ಕೊಟ್ಟರು, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಅದನ್ನು ಹಿಂತೆಗೆದು ಜೂನ್ 23ರಂದು ಮರುಪರೀಕ್ಷೆ ಮಾಡಿದರು. ಬರೆದವರು 813 ಮಂದಿ. ಮರುವರ್ಷ ಇಂದೋರಿನಲ್ಲಿ ಮಳೆಗಾಳಿಗೆ ಕರೆಂಟು ಹೋಗಿ ಕತ್ತಲಲ್ಲಿ ಬರೆದ ಮಕ್ಕಳಿಗೆ ಹೈಕೋರ್ಟಿನ ಏಕಸದಸ್ಯ ಪೀಠ ಮರುಪರೀಕ್ಷೆ ಕೊಟ್ಟರೆ, ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ತೀರ್ಪು ಹೀಗೇ ಬರುತ್ತದೆಂದು ಮುಂಚಿತವಾಗಿ ಯಾರೂ ಹೇಳಲಾರರು. ಆದರೆ ದಾಖಲೆಯಿಲ್ಲದೆ ಹೋದವರ ಪ್ರಕರಣ ಬಾಗಿಲಲ್ಲೇ ನಿಲ್ಲುತ್ತದೆ.

ಆದ್ದರಿಂದ ಪರೀಕ್ಷೆ ಮುಗಿದ ಕೂಡಲೇ, ಕೇಂದ್ರ ಬಿಡುವ ಮೊದಲು, ಒಂದು ಹಾಳೆಯಲ್ಲಿ ಬರೆಯಿರಿ: ‘ನನ್ನ ರೋಲ್ ನಂಬರ್ ಇಂಥದ್ದು. ಕೊಠಡಿ ಸಂಖ್ಯೆ 12. ಪರೀಕ್ಷೆ 2.00ಕ್ಕೆ ಶುರುವಾಗಬೇಕಿತ್ತು, ಪ್ರಶ್ನೆಪತ್ರಿಕೆಯನ್ನೇ 2.20ಕ್ಕೆ ಕೊಟ್ಟರು. 5.00ಕ್ಕೆ ಹಿಂದೆ ಪಡೆದರು. ಹೆಚ್ಚುವರಿ ಸಮಯ ಕೊಡಲಿಲ್ಲ. ಕೊಠಡಿಯ ಸಿಸಿಟಿವಿ ದೃಶ್ಯ ಕಾಯ್ದಿಡಬೇಕೆಂದು ಕೋರುತ್ತೇನೆ.’ ಅದೇ ಕೊಠಡಿಯ ನಾಲ್ಕಾರು ಮಕ್ಕಳ ಸಹಿ ಹಾಕಿಸಿ. ಕೇಂದ್ರದ ಸೂಪರಿಂಟೆಂಡೆಂಟರಿಗೆ ಕೊಟ್ಟು ಸ್ವೀಕೃತಿ ಸಹಿ ಪಡೆಯಿರಿ. ಸಹಿ ಹಾಕಲು ಒಲ್ಲೆ ಎಂದರೆ ಹೊರಗೆ ಬಂದು ಹಾಳೆಯ ಫೋಟೊ ತೆಗೆದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯ, ಅಂದರೆ ಎನ್‌ಟಿಎಯ ಇಮೇಲ್‌ಗೆ ಅಂದೇ ಕಳಿಸಿ. ಸಿಟ್ಟಿನ ಮಾತು ಬೇಡ, ಗಡಿಯಾರದ ಸಮಯ ಸಾಕು. ಸಿಸಿಟಿವಿ ಕಾಯ್ದಿಡಿ ಎಂಬ ಆ ಕೊನೆಯ ಸಾಲನ್ನು ಮಾತ್ರ ಬಿಡಬೇಡಿ. ಮುಂದೆ ಕೋರ್ಟಿನಲ್ಲಿ ನಿಮ್ಮ ಸಾಕ್ಷಿ ಅದೇ.

ಅಂಗವೈಕಲ್ಯವುಳ್ಳ ಮಕ್ಕಳಿಗೆ ಮೂರು ಗಂಟೆಯ ಪರೀಕ್ಷೆಯಲ್ಲಿ ಒಂದು ಗಂಟೆ ಹೆಚ್ಚುವರಿ ಸಮಯ ಸಿಗಬೇಕು. 2021ರಲ್ಲಿ ಡಿಸ್‌ಗ್ರಾಫಿಯಾ, ಅಂದರೆ ಬರೆಯಲು ಕಷ್ಟವಾಗುವ ತೊಂದರೆ ಇದ್ದ ಅವನಿ ಪ್ರಕಾಶ್ ಎಂಬ ವಿದ್ಯಾರ್ಥಿನಿಗೆ ಆ ಒಂದು ಗಂಟೆ ಕೊಡದೆ ಉತ್ತರಪತ್ರಿಕೆ ಪಡೆದುಕೊಂಡರು. ಅದು ತಪ್ಪೆಂದು ಸುಪ್ರೀಂ ಕೋರ್ಟ್ ಎನ್‌ಟಿಎಗೆ ಸ್ಪಷ್ಟವಾಗಿ ಹೇಳಿತು, ಪರಿಹಾರ ಯೋಚಿಸಿ ಎಂದು ಒಂದು ವಾರದ ಗಡುವು ಕೊಟ್ಟಿತು. ಮರುಪರೀಕ್ಷೆ ಮಾತ್ರ ಸಿಗಲಿಲ್ಲ. ಆದಕಾರಣ ಅರ್ಜಿಯಲ್ಲೇ ಈ ಸೌಲಭ್ಯ ಕೇಳಿ, ಪ್ರಮಾಣಪತ್ರದ ಜೊತೆಗೆ ನಿಯಮವಿರುವ ಪುಟವನ್ನೂ ಮುದ್ರಿಸಿಕೊಂಡು ಹೋಗಿ. ಕೊಠಡಿ ಮೇಲ್ವಿಚಾರಕರಿಗೆ ನಿಯಮ ಗೊತ್ತಿಲ್ಲದಿರುವುದು ಅಪರೂಪವಲ್ಲ.

ಪ್ರಶ್ನೆಪತ್ರಿಕೆ ಮೊದಲೇ ಕೊಡುತ್ತೇವೆ, ಖಾಲಿ ಬಿಟ್ಟು ಬಾ ನಾವು ತುಂಬುತ್ತೇವೆ ಎನ್ನುವವರ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. 2024ರ ಜೂನ್ 21ರಿಂದ ಜಾರಿಯಲ್ಲಿರುವ ಸಾರ್ವಜನಿಕ ಪರೀಕ್ಷೆಗಳ ಅಕ್ರಮ ತಡೆ ಕಾಯ್ದೆಯಡಿ ಅಂಥವರಿಗೆ 3ರಿಂದ 5 ವರ್ಷ, ಸಂಘಟಿತ ಜಾಲವಾದರೆ 5ರಿಂದ 10 ವರ್ಷ ಜೈಲು. ಜಾಮೀನು ಸುಲಭವಲ್ಲ. ದುಡ್ಡು ಕೊಟ್ಟ ಅಭ್ಯರ್ಥಿ ಡಿಬಾರ್ ಆಗುತ್ತಾರೆ.

ಪರೀಕ್ಷೆಯಾದ ಮೇಲೆ ಎನ್‌ಟಿಎ ಒಎಂಆರ್ ಹಾಳೆಯ ಸ್ಕ್ಯಾನ್ ಪ್ರತಿ ಮತ್ತು ತಾತ್ಕಾಲಿಕ ಉತ್ತರಸೂಚಿ ಹಾಕುತ್ತದೆ. ಪ್ರಶ್ನೆಯೊಂದಕ್ಕೆ 200 ರೂಪಾಯಿ ಕಟ್ಟಿ ಆಕ್ಷೇಪಣೆ ಸಲ್ಲಿಸಬಹುದು. ಇದನ್ನು ಔಪಚಾರಿಕ ಎಂದು ಬಿಡಬೇಡಿ. 2024ರಲ್ಲಿ ಪರಮಾಣುವಿನ ಬಗ್ಗೆ ಬಂದ ಒಂದು ಭೌತಶಾಸ್ತ್ರದ ಪ್ರಶ್ನೆಗೆ ಹೊಸ ಎನ್‌ಸಿಇಆರ್‌ಟಿ ಪುಸ್ತಕ ಓದಿದವರ ಉತ್ತರ ಒಂದು, ಹಳೆಯದನ್ನು ಓದಿದವರದು ಇನ್ನೊಂದು. ಎನ್‌ಟಿಎ ಎರಡಕ್ಕೂ ಅಂಕ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ದೆಹಲಿ ಐಐಟಿಯ ತಜ್ಞರನ್ನು ಕೇಳಿತು, ಒಂದೇ ಸರಿ ಎಂದು ಅವರು ಹೇಳಿದರು, ಜುಲೈನಲ್ಲಿ ಇಡೀ ದೇಶದ ಫಲಿತಾಂಶ ಬದಲಾಯಿತು. ಆಕ್ಷೇಪಣೆಗೆ ಪುಸ್ತಕದ ಹೆಸರು, ಮುದ್ರಣದ ವರ್ಷ, ಪುಟಸಂಖ್ಯೆ ಜೋಡಿಸಿ. ಫಲಿತಾಂಶ ಬಂದ ಮೇಲೆ ಈ ಬಾಗಿಲು ಮುಚ್ಚುತ್ತದೆ. ಒಎಂಆರ್ ಹಾಳೆ ನೋಡಬೇಕೆಂದರೆ ಮಾಹಿತಿ ಹಕ್ಕು ಕಾಯ್ದೆಯೂ ಇದೆ: ತನ್ನ ಉತ್ತರಪತ್ರಿಕೆ ನೋಡುವುದು ಅಭ್ಯರ್ಥಿಯ ಹಕ್ಕೆಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಎನ್‌ಟಿಎ ದಾಖಲೆಗಳನ್ನು ಸ್ವಲ್ಪ ಕಾಲವಷ್ಟೇ ಇಟ್ಟುಕೊಳ್ಳುತ್ತದೆ, ತಡಮಾಡುವಂತಿಲ್ಲ.

ಅಂಕ ಬಂತು, ಇನ್ನು ಸೀಟು ತಾನಾಗಿಯೇ ಬರುತ್ತದೆ ಎಂದು ಕೂತವರು ಸೀಟು ಕಳೆದುಕೊಂಡಿದ್ದಾರೆ. ನೀಟ್ ಬರೆದರೆ ಸಾಲದು, ಕೆಇಎಯಲ್ಲಿ ಬೇರೆಯಾಗಿ ನೋಂದಾಯಿಸಬೇಕು. ಸರ್ಕಾರಿ ಕಾಲೇಜಿನ ಶೇ. 15 ಸೀಟು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ) ಹಂಚುತ್ತದೆ, ಉಳಿದ ಶೇ. 85 ಮತ್ತು ಖಾಸಗಿ ಕಾಲೇಜುಗಳ ಸೀಟು ಕೆಇಎ ಮೂಲಕ. ಕರ್ನಾಟಕದಲ್ಲಿ ಏಳು ವರ್ಷ ಓದಿರುವ ದಾಖಲೆ, ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ ಗ್ರಾಮೀಣ ಕೋಟಾ, ಕನ್ನಡದಲ್ಲಿ ಓದಿದ್ದಕ್ಕೆ ಕನ್ನಡ ಮಾಧ್ಯಮ ಕೋಟಾ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ: ಇವೆಲ್ಲಕ್ಕೂ ಕಾಗದಪತ್ರ ಸಿದ್ಧವಿರಬೇಕು. ವ್ಯಾಸಂಗ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು, ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿರಬೇಕು. ಫಲಿತಾಂಶದ ನಂತರ ಬಿಇಒ ಕಚೇರಿಯ ಮುಂದೆ ನಿಲ್ಲುವ ಬದಲು ಪರೀಕ್ಷೆಗೆ ಮುಂಚೆ, ತಂದೆ–ತಾಯಿಯರೇ ಈ ಓಡಾಟ ಮುಗಿಸಿಟ್ಟರೆ ಮಗುವಿಗೆ ನೆಮ್ಮದಿ.

ಖಾಸಗಿ ಕಾಲೇಜು ನಿಗದಿತ ಶುಲ್ಕದ ಮೇಲೆ ಕೇಳುವ ಹಣಕ್ಕೆ ಕ್ಯಾಪಿಟೇಶನ್ ಎಂದೇ ಹೆಸರು. ಅದನ್ನು ಅಪರಾಧವೆಂದು ಕರ್ನಾಟಕ 1984ರಲ್ಲೇ ಕಾನೂನು ಮಾಡಿದೆ. ದೇಶಕ್ಕೇ ದಿಕ್ಕು ತೋರಿಸಿದ ಮೋಹಿನಿ ಜೈನ್ ತೀರ್ಪು, ಟಿ.ಎಂ.ಎ. ಪೈ ತೀರ್ಪು ಎರಡೂ ನಮ್ಮ ರಾಜ್ಯದ ಕಾಲೇಜುಗಳಿಂದ ಹುಟ್ಟಿದವು. ಕೌನ್ಸೆಲಿಂಗ್ ಹೊರಗೆ ಸೇರಿಸಿಕೊಂಡ ಪ್ರವೇಶ ಊರ್ಜಿತವಾಗದು ಎಂದು 2021ರಲ್ಲಿ ಉತ್ತರ ಪ್ರದೇಶದ ವೈದ್ಯಕೀಯ ಕಾಲೇಜೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಲ್ಲಿ ವರ್ಷಗಟ್ಟಲೆ ಓದಿದ್ದ ಮಕ್ಕಳನ್ನೂ ಅದು ಕಾಪಾಡಲಿಲ್ಲ.

ಕಡಿಮೆ ಅಂಕ ಬಂದವರು ಇನ್ನೊಂದು ತೀರ್ಪನ್ನು ತಿಳಿದಿರಲಿ. 2020–21ರಲ್ಲಿ ದೇಶದಲ್ಲಿ 7,000ಕ್ಕೂ ಹೆಚ್ಚು ಬಿಡಿಎಸ್ ಸೀಟು ಖಾಲಿ ಬಿದ್ದಿದ್ದರೂ ಅರ್ಹತಾ ಮಟ್ಟ ಇಳಿಸಲು ಕೇಂದ್ರ ಒಪ್ಪಲಿಲ್ಲ. ಹರ್ಷಿತ್ ಅಗರ್ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 8ರಂದು ಆ ವರ್ಷದ ಮಟ್ಟಿಗೆ 10 ಪರ್ಸೆಂಟೈಲ್ ಇಳಿಸಿತು. ಪ್ರತಿ ವರ್ಷ ಹೀಗಾಗುತ್ತದೆಂದಲ್ಲ. ಆದರೆ ಕೊನೆಯ ಸುತ್ತು ಮುಗಿಯುವವರೆಗೆ ಪ್ರಕಟಣೆಗಳನ್ನು ನೋಡುತ್ತಿರಬೇಕು.

ಅನ್ಯಾಯವಾಗಿ ಸೀಟು ತಪ್ಪಿದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕಬಹುದು. ಬೀದರ್‌ನವರು ಬೆಂಗಳೂರಿಗೆ ಬರಬೇಕಿಲ್ಲ, ಕಲಬುರಗಿಯಲ್ಲೂ ಧಾರವಾಡದಲ್ಲೂ ಪೀಠಗಳಿವೆ. ತನ್ನ ತಪ್ಪಿಲ್ಲದೆ ಸೀಟು ತಪ್ಪಿ, ತಡಮಾಡದೆ ಕೋರ್ಟಿಗೆ ಬಂದ ವಿದ್ಯಾರ್ಥಿಗೆ ಅಪರೂಪದ ಸಂದರ್ಭದಲ್ಲಿ ಕೊನೆಯ ದಿನಾಂಕದ ನಂತರವೂ ಪ್ರವೇಶ ಕೊಡಬಹುದೆಂದು ಎಂಬಿಬಿಎಸ್ ಸೀಟಿನ ಪ್ರಕರಣವೊಂದರಲ್ಲಿ 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ತಡಮಾಡದೆ’ ಎಂಬ ಷರತ್ತನ್ನು ಮರೆಯಬೇಡಿ. ವಕೀಲರ ಶುಲ್ಕಕ್ಕೆ ಹಣವಿಲ್ಲವೆಂದು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, 18 ತುಂಬದವರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ವರಮಾನ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ನೀಟ್ ಬರೆಯುವ ಬಹುಪಾಲು ಮಕ್ಕಳು ಇವುಗಳಲ್ಲಿ ಒಂದಲ್ಲ ಒಂದಕ್ಕೆ ಸೇರುತ್ತಾರೆ. 15100ಕ್ಕೆ ಕರೆ ಮಾಡಿ, ಇಲ್ಲವೇ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. ಹೋಗುವಾಗ ಹಾಲ್ ಟಿಕೆಟ್, ಒಎಂಆರ್ ಪ್ರತಿ, ಕೊಟ್ಟ ದೂರಿನ ಸ್ವೀಕೃತಿ, ಕೆಇಎ ಪರಿಶೀಲನಾ ಪತ್ರ ಮತ್ತು ಆಪ್ಷನ್ ಎಂಟ್ರಿಯ ಮುದ್ರಿತ ಪ್ರತಿ ಜೊತೆಗಿರಲಿ.