ಹೂಗಿಡದ ಹುಳುಗಳನ್ನು ಸಮೀಪದಿಂದ ಛಾಯಾಚಿತ್ರ ತೆಗೆಯುವ ಕ್ರಮ

ದಾಸವಾಳದ ಕುಡಿಗಳ ಮೇಲೆ ಅಕ್ಕಿಹಿಟ್ಟನ್ನು ಉದುರಿಸಿದಂತೆ ಕಾಣುವ ಹಿಟ್ಟು ತಿಗಣೆಯನ್ನು ನೋಡದ ರೈತರು ವಿರಳ. ಇದು ಎಳೆಯ ಕುಡಿಯ ರಸವನ್ನು ಹೀರಿ ಎಲೆಗಳನ್ನು ಮುರುಟಿಸುತ್ತದೆ. ಆದರೆ ಅದೇ ಕುಡಿಯಲ್ಲಿ, ಅಂಥಾದ್ದೇ ಬಿಳಿಯ ಮೇಣದ ಎಳೆಗಳನ್ನು ಹೊದ್ದು, ಆ ತಿಗಣೆಗಳನ್ನೇ ತಿಂದು ಬದುಕುವ ಬೇರೊಂದು ಹುಳುವೂ ಇರುವುದುಂಟು. ಇದು ಕ್ರಿಪ್ಟೋಲೀಮಸ್ ಎಂಬ, ಗುಲಗಂಜಿ ಹುಳುವಿನ ಕುಲಕ್ಕೆ ಸೇರಿದ ದುಂಬಿಯ ಮರಿ. ಆಸ್ಟ್ರೇಲಿಯಾದ ಈ ದುಂಬಿಯನ್ನು 1898ರಲ್ಲಿ ಭಾರತಕ್ಕೆ ತರಲಾಯಿತು. ಬರಿಗಣ್ಣಿಗೆ ಶತ್ರುವೂ ಮಿತ್ರನೂ ಒಂದೇ ಬಗೆಯಾಗಿ ತೋರುವುದರಿಂದ, ರೈತನು ಔಷಧ ಸಿಂಪಡಿಸಿ ಮಿತ್ರನನ್ನೇ ಕೊಲ್ಲುವ ಸಂಭವವುಂಟು. ಅಳಿದುಳಿದ ತಿಗಣೆಗಳು ಆಮೇಲೆ ನಿರಾತಂಕವಾಗಿ ಹೆಚ್ಚುತ್ತವೆ. ಸಮೀಪದಿಂದ ತೆಗೆದ ಒಳ್ಳೆಯ ಛಾಯಾಚಿತ್ರವು ಈ ತಪ್ಪನ್ನು ತಪ್ಪಿಸಬಲ್ಲದು.

ಉಪಕರಣಗಳು.— ವಸ್ತುವಿನ ಬಿಂಬವು ಕ್ಯಾಮರಾದೊಳಗೆ ಅದರ ನಿಜವಾದ ಅಳತೆಯಷ್ಟೇ ಬೀಳುವಂತೆ ಮಾಡುವ ಮಸೂರಕ್ಕೆ ಮ್ಯಾಕ್ರೊ ಮಸೂರವೆಂದು ಹೆಸರು. ಇದರ ಬೆಲೆ ಹೆಚ್ಚು. ಮೊಬೈಲ್ ಫೋನಿಗೆ ಸಿಕ್ಕಿಸುವ ಚಿಕ್ಕ ಮಸೂರವಾಗಲಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿಯಾಗಲಿ ಈ ಕೆಲಸಕ್ಕೆ ಸಾಕು. ಭೂತಕನ್ನಡಿಯನ್ನು ಫೋನಿನ ಮಸೂರಕ್ಕೆ ಒತ್ತಿ ಹಿಡಿಯತಕ್ಕದ್ದು.

ಕಾಲ ಮತ್ತು ಬೆಳಕು.— ಸೂರ್ಯೋದಯವಾದ ಕೂಡಲೆ ಚಳಿಯಿಂದ ಹುಳುಗಳು ಮಂದವಾಗಿರುತ್ತವೆ. ಗಾಳಿಯೂ ಸಾಮಾನ್ಯವಾಗಿ ಕಡಮೆ. ಆದಕಾರಣ ಇದೇ ಉತ್ತಮವಾದ ವೇಳೆ. ಅಲುಗಾಡುವ ರೆಂಬೆಯನ್ನು ಒಂದು ಕೋಲಿಗೆ ಸಡಿಲವಾಗಿ ಕಟ್ಟಬಹುದು. ಬಿಸಿಲು ಏರಿದ್ದರೆ ಬಿಳಿಯ ಪಂಚೆಯನ್ನು ಗಿಡದ ಮೇಲೆ ಅಡ್ಡ ಹಿಡಿದಲ್ಲಿ ಬೆಳಕು ಮೃದುವಾಗಿ, ಮೇಣದ ಎಳೆಗಳು ಕಣ್ಣು ಕೋರೈಸದೆ ಬೇರೆ ಬೇರೆಯಾಗಿ ಕಾಣುತ್ತವೆ.

ಸ್ಪಷ್ಟತೆ.— ವಸ್ತುವಿಗೆ ಸಮೀಪಿಸಿದಷ್ಟೂ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಪದರವು ತೆಳುವಾಗುತ್ತದೆ. ದೊಡ್ಡ ಕ್ಯಾಮರಾದಿಂದ ನಿಜವಾದ ಅಳತೆಯ ಚಿತ್ರವನ್ನು ತೆಗೆಯುವಾಗ ಇದು ಸುಮಾರು 1 ಮಿಲಿಮೀಟರು ಮಾತ್ರ ಇರಬಹುದು. ಆದಕಾರಣ ಕ್ಯಾಮರಾವನ್ನು ಹುಳುವಿನ ಮೈಗೆ ಸಮಾನಾಂತರವಾಗಿ ಹಿಡಿಯತಕ್ಕದ್ದು. ಮೊಣಕೈಗಳನ್ನು ಮೈಗೆ ಒತ್ತಿಕೊಂಡು, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಯುತ್ತ ಹತ್ತು ಚಿತ್ರಗಳನ್ನು ತೆಗೆದರೆ ಒಂದೆರಡಾದರೂ ಸ್ಪಷ್ಟವಾಗಿರುವುವು.

ಗಮನಿಸತಕ್ಕ ಗುರುತುಗಳು.— ಪ್ರತಿಯೊಂದು ಹುಳುವಿಗೂ ಮೂರು ಚಿತ್ರಗಳು ಅವಶ್ಯ: ಇಡೀ ಗಿಡದ್ದು, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಹುಳುವಿನದು, ಅದರ ತಲೆಯದು. ಹಿಟ್ಟು ತಿಗಣೆಯು 3-4 ಮಿಲಿಮೀಟರಿನಷ್ಟಿದ್ದು, ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತದೆ. ದುಂಬಿಯ ಮರಿಯು ಬಲಿತಾಗ 13 ಮಿಲಿಮೀಟರಿನವರೆಗೆ ಬೆಳೆಯುತ್ತದೆ. ಎಳೆಗಳು ಉದ್ದ, ನಡೆ ಚುರುಕು. ಹೂಗಿಡದಲ್ಲಿ ಮಾಡಿದ ಈ ಅಭ್ಯಾಸವು ಹೊಲದಲ್ಲಿಯೂ ಫಲಕಾರಿ. 2018ರಲ್ಲಿ ಕರ್ನಾಟಕದ ಮುಸುಕಿನ ಜೋಳದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಕವೆಗೋಲಿನಂಥಾ ಬಿಳಿಗೆರೆಯೂ, ಬಾಲದ ಬಳಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆಗಳೂ ಇರುತ್ತವೆ. ಇವು ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಚಿತ್ರದೊಂದಿಗೆ ಬೆಳೆ, ಸ್ಥಳ, ತಾರೀಖುಗಳನ್ನು ಬರೆದು ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳಿಗೆ ತೋರಿಸತಕ್ಕದ್ದು. ಗ್ರಾಮದ ಮುಖಂಡರು ಇದನ್ನು ಮೊದಲು ತಮ್ಮ ಹಿತ್ತಲಿನಲ್ಲಿ ಅಭ್ಯಾಸಮಾಡಿ ನೆರೆಹೊರೆಯವರಿಗೆ ತೋರಿಸಿಕೊಟ್ಟಲ್ಲಿ, ಹುಳುವನ್ನು ಗುರುತಿಸಿದ ಮೇಲೆಯೇ ಔಷಧವನ್ನು ಕೈಗೆತ್ತಿಕೊಳ್ಳುವ ಪದ್ಧತಿಯು ಊರಿನಲ್ಲಿ ನೆಲೆಗೊಳ್ಳುವುದು.